ತಂಗಿ ಗೆದ್ದ ಕೋಟೆ

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಅಕ್ಕ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಕಂಪ್ಯೂಟರ್ ಮುಂದೆ ನಿಂತೇಬಿಟ್ಟಳು. ಅದರಲ್ಲಿ ಅವಳು ದಿನಾ ಆಡುವ ಯುದ್ಧದಾಟದಲ್ಲಿ ಅವಳದು ಊರುಕೇರಿಯಿಲ್ಲದ ರಾಕ್ಷಸರ ದಂಡು. ಕೊಳ್ಳೆ ಹೊಡೆಯುತ್ತಲೇ ಇರಬೇಕು, ಸುಮ್ಮನೆ ಕೂತರೆ ದಂಡು ತನ್ನೊಳಗೇ ಬಡಿದಾಡಿ ಕರಗುತ್ತದೆ. ತಿಂಗಳಿಂದ ಅವಳಿಗೆ ದಕ್ಕದ ಬಿಳಿಕೋಟೆಯನ್ನು ನರ್ಸ್ ತಂಗಿ ಬೆಳಿಗ್ಗೆ ಒಂದೇ ಗಂಟೆಯಲ್ಲಿ ಗೆದ್ದಿದ್ದಳು.

“ನನ್ನ ದಂಡು ಮುಟ್ಟಬೇಡ ಅಂದಿದ್ನಲ್ಲೇ!”

“ನೀನು ಅವರನ್ನ ಬರೀ ಕೋಟೆ ಸುತ್ತ ವಾಕಿಂಗ್ ಮಾಡಿಸ್ತಿದ್ದೆ ಅಕ್ಕಾ. ಪಾಪ, ಹಸಿದಿದ್ರು.”

ಅಕ್ಕ ಕುರ್ಚಿ ಎಳೆದು ಕೂತಳು. ತಂಗಿಯ ಗೆಲುವನ್ನು ಅಳಿಸಿ, ತಾನು ನಿನ್ನೆ ಉಳಿಸಿಟ್ಟಿದ್ದ ಆಟವನ್ನೇ ತೆರೆದಳು. ದಂಡು ಮತ್ತೆ ಗೋಡೆಯ ಹೊರಗೆ ಬಂದು ನಿಂತಿತು.

“ಹೇಗೆ ಗೆದ್ದೆ ಹೇಳಿಕೊಡ್ಲಾ?”

“ಬೇಡಮ್ಮ, ನಿನ್ನ ಉಪಕಾರ!”

ಮೂರು ಸುತ್ತಿನಲ್ಲಿ ಅರ್ಧ ದಂಡು ತನ್ನವರ ಕೈಯಲ್ಲೇ ಸತ್ತಿತು. ಅಂಗಡಿಗೆ ಹೊರಡುವ ಮುನ್ನ ಅವಳು ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್ ಹಾಕಿದಳು.