ತಾಂಡೇಲನ ಕಾಲಿಗೆ ಕಟ್ಟಿದ ಗಂಟು

ಹಂಗಾರಕಟ್ಟೆಯ ನಮ್ಮ ಕೇರಿಯಲ್ಲಿ ಪಾಂಡಣ್ಣ ಹಾಕಿದ ಗಂಟು ಬಿಚ್ಚಿದ್ದನ್ನು ಯಾರೂ ನೋಡಿಲ್ಲ. ಬಿಚ್ಚಲು ಹೋಗಿ ಉಗುರು ಕಳೆದುಕೊಂಡವರು ಇದ್ದಾರೆ. ಒಮ್ಮೆ ಅಕ್ಕಿ ಚೀಲದ ಬಾಯಿ ಕಟ್ಟಿಕೊಟ್ಟದ್ದಕ್ಕೆ ಅವರ ಹೆಂಡತಿ ಬೇಬಿ ಅಕ್ಕ ಚೀಲದ ಬುಡವನ್ನೇ ಕೊಯ್ದು ಅಕ್ಕಿ ತೆಗೆಯಬೇಕಾಯಿತಂತೆ. ಇದು ನಾನು ಕಂಡದ್ದಲ್ಲ, ಬೇಬಿ ಅಕ್ಕ ಹೇಳಿದ್ದು. ಪಾಂಡಣ್ಣನನ್ನು ಕೇಳಿದರೆ ಚೀಲವೇ ಹಳತಾಗಿತ್ತು ಎನ್ನುತ್ತಾರೆ.

ಪ್ರಾಯದಲ್ಲಿ ಅವರು ಮಲ್ಪೆ, ಗಂಗೊಳ್ಳಿ ಎಂದು ಬೋಟಿನಲ್ಲಿ ದುಡಿದವರು. ಬೋಟು ನಡೆಸುವವನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಪಾಂಡಣ್ಣ ಪ್ರತಿ ವರ್ಷವೂ ತಾಂಡೇಲ ಆಗುವವರಿದ್ದರು, ಪ್ರತಿ ವರ್ಷವೂ ಬೋಟಿನ ಯಜಮಾನರಿಗೆ ಬೇರೆ ಯಾರಾದರೂ ಸಿಗುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೆ ಅವರು ಕಡಲಿಗೆ ಹೋಗುವುದನ್ನು ಬಿಟ್ಟು, ಹೊಳೆ ಕಡಲು ಸೇರುವ ಅಳಿವೆಯ ಬದಿಯ ಚಪ್ಪರದಲ್ಲಿ ಕುಳಿತು ಹರಿದ ಬಲೆ ಸರಿ ಮಾಡುತ್ತಾರೆ.

ಬೇಬಿ ಅಕ್ಕನ ಮೀನು ಬುಟ್ಟಿಯ ವಾಸನೆ ಹಿಡಿದು ಒಂದು ಕಂದು ನಾಯಿಮರಿ ಮನೆಯವರೆಗೆ ಬಂದಾಗ, ಅವರು ಅದಕ್ಕೆ ತಾಂಡೇಲ ಎಂದೇ ಹೆಸರಿಟ್ಟರು. ಮನೆಗೊಬ್ಬ ತಾಂಡೇಲ ಬೇಕಿತ್ತು, ಅಂತೂ ಸಿಕ್ಕಿದ ಎಂದು ಕೇರಿಗೆಲ್ಲ ಸಾರಿದರು. ಪಾಂಡಣ್ಣ ಆ ಹೆಸರನ್ನು ಒಮ್ಮೆಯೂ ಬಾಯಲ್ಲಿ ತರಲಿಲ್ಲ. ಅವರಿಗೆ ಅದು ಬರೀ ನಾಯಿ. ಅದು ಅಂಗಳದಲ್ಲಿರಬೇಕು, ಹೊಸಿಲು ದಾಟಬಾರದು.

ಈ ಸಲ ಮಳೆ ಬಿಟ್ಟ ಮೇಲೆ, ಮುಂಬೈಯಲ್ಲಿರುವ ಮಗಳು ಸೌಜನ್ಯಳ ಬಾಣಂತನಕ್ಕೆಂದು ಬೇಬಿ ಅಕ್ಕ ಹೊರಟರು. ಬಟ್ಟೆ ತುಂಬಿಸುವಾಗಲೇ ತಕರಾರು ಎದ್ದಿತು. ನಾಯಿಯನ್ನು ಬದಿಮನೆಯ ಹರಿಣಾಕ್ಷಿಗೆ ಒಪ್ಪಿಸಿ ಹೋಗುತ್ತೇನೆ ಎಂದರು ಅವರು. ಪಾಂಡಣ್ಣನಿಗೆ ಅದು ತಾಗಿತು.

"ಎಂತಕೆ? ನಾನ್ ಇಲ್ಯಾ?"

"ನಿಮ್ಮನ್ನ್ ನೋಡ್ಕಂಬುಕೇ ಒಂದ್ ಜನ ಬೇಕ್."

"ನೀ ವಾಪಸ್ ಬಪ್ಪತಿಗೆ ಅದ್ರದ್ ಒಂದ್ ಕೂದ್ಲ್ ಕೊಂಕಿದ್ರೆ ಆಗಳ್ ಹೇಳ್" ಎಂದರು ಪಾಂಡಣ್ಣ.

ನೋಡಲು ಸಣ್ಣ ಮಾತು. ಆದರೆ ಅಷ್ಟು ವರ್ಷ ಯಾರೂ ಅವರ ಕೈಗೆ ಬೋಟು ಕೊಟ್ಟು ನಿಶ್ಚಿಂತೆಯಿಂದ ಮಲಗಿದ್ದಿಲ್ಲ. ಈಗ ಹೆಂಡತಿ ಒಂದು ನಾಯಿಯನ್ನೂ ನಂಬಿ ಬಿಟ್ಟು ಹೋಗುವುದಿಲ್ಲ ಎಂದರೆ ಉಳಿಯುವುದೇನು? ಬೇಬಿ ಅಕ್ಕ ಅವರ ಮುಖ ನೋಡಿ, ನಾಯಿಯನ್ನು ಅವರ ಕೈಗೇ ಬಿಟ್ಟು ಬಾರ್ಕೂರಿನಲ್ಲಿ ರೈಲು ಹತ್ತಿದರು.

ಹೋದವರು ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದರು. ಪಾಂಡಣ್ಣ ಫೋನ್ ಹಿಡಿಯುವ ರೀತಿಗೆ ಅತ್ತ ಕಡೆಯವರಿಗೆ ಅವರ ಹಣೆ ಮಾತ್ರ ಕಾಣುತ್ತಿತ್ತು. ಅದರ ಬಗ್ಗೆ ಬೇಬಿ ಅಕ್ಕನ ದೂರು ಏನೂ ಇರಲಿಲ್ಲ, ನಾಯಿ ಪೂರ್ತಿ ಕಾಣಬೇಕಿತ್ತು. ನಾಯಿಯದ್ದು ಊಟ ಆಯಿತಾ ಎಂಬುದು ಮೊದಲ ಪ್ರಶ್ನೆ. ಪಾಂಡಣ್ಣನದ್ದು ಆಯಿತಾ ಎಂಬುದು, ನೆನಪಾದರೆ, ಕೊನೆಯ ಪ್ರಶ್ನೆ.

ಹೀಗಿರುವಾಗ ಒಂದು ಬೆಳಿಗ್ಗೆ ನಾಯಿ ಅಳಿವೆಯ ಕೆಸರಿನಲ್ಲಿ ಏಡಿ ಓಡಿಸಲು ಹೋಗಿ ಒಡೆದ ಚಿಪ್ಪು ಮೆಟ್ಟಿತು. ಮುಂದಿನ ಬಲಗಾಲನ್ನು ಎತ್ತಿಕೊಂಡು ಮೂರು ಕಾಲಿನಲ್ಲಿ ಕುಂಟುತ್ತಾ ಚಪ್ಪರಕ್ಕೆ ಬಂದು, ಪಾಂಡಣ್ಣ ಸರಿ ಮಾಡುತ್ತಿದ್ದ ಬಲೆಯ ಮೇಲೆಯೇ ಕುಳಿತುಕೊಂಡಿತು. ಅವರು ಬೈಯುತ್ತಾ ಕಾಲು ಎತ್ತಿ ನೋಡಿದರು. ಅಂಗಾಲಿನ ಮೆತ್ತೆಯಲ್ಲಿ ಚಿಪ್ಪಿನ ಸಣ್ಣ ಚೂರು ಸಿಕ್ಕಿಕೊಂಡಿತ್ತು. ಹರಿಣಾಕ್ಷಿ ಹುಬ್ಬು ತೀಡುವ ಚಿಮುಟ ತಂದುಕೊಟ್ಟಳು. ಚೂರು ಬಂತು, ಸ್ವಲ್ಪ ರಕ್ತವೂ ಬಂತು. ಚಿಮುಟವನ್ನು ಅವಳು ವಾಪಸ್ ಕೇಳಲಿಲ್ಲ.

ಆ ಮೇಲೆ ಪಾಂಡಣ್ಣನ ಮದ್ದು ಶುರುವಾಯಿತು. ತೆಂಗಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ನಾಯಿ ಅದನ್ನು ನೆಕ್ಕಿ ಮುಗಿಸಿ, ಇನ್ನೂ ಇದೆಯಾ ಎಂಬಂತೆ ಅವರ ಮುಖ ನೋಡಿತು. ಮತ್ತೆ ಹಚ್ಚಿದರೆ ಮತ್ತೆ ನೆಕ್ಕಿತು. ನೆಕ್ಕದಂತೆ ಮಾಡಲು ಪಾಂಡಣ್ಣ ಬಲೆ ತೇಲಿಸುವ ಬೆಂಡುಗಳನ್ನು ಹಗ್ಗಕ್ಕೆ ಪೋಣಿಸಿ ಅದರ ಕುತ್ತಿಗೆಗೆ ಮಾಲೆ ಹಾಕಿದರು. ಬಾಯಿ ಕಾಲಿಗೆ ಎಟಕದಂತಾಯಿತು. ದಾರಿಯಲ್ಲಿ ಹೋಗುವವರ ಬಾಯಿಗೆ ಮಾತ್ರ ಕೆಲಸ ಸಿಕ್ಕಿತು.

"ಹ್ವಾಯ್ ಪಾಂಡಣ್ಣ, ನಾಯಿನ ಕಡ್ಲಿಗ್ ಬಿಡ್ತ್ರ್ಯಾ?" ಎಂದು ಮೀನಿನ ಟೆಂಪೋದ ಸುಧೀರ್ ಕೇಳಿದ.

"ಮುಳ್ಗುದಿಲ್ಲೆ ಅಲ್ದಾ" ಎಂದರು ಪಾಂಡಣ್ಣ, ತಲೆ ಎತ್ತದೆ.

ಕೊನೆಗೆ ಹಳೆಯ ಲುಂಗಿಯ ಚೂರು ಸುತ್ತಿ, ಅದು ಜಾರದಂತೆ ನೈಲಾನ್ ನೂಲಿನಿಂದ ಬಲೆಯ ಗಂಟು ಹಾಕಿದರು. ಆ ಗಂಟಿನ ಗುಣ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಳೆದಷ್ಟೂ ಬಿಗಿಯಾಗುತ್ತದೆ. ದೊಡ್ಡ ಮೀನು ಎಳೆದರೂ ಸಡಿಲವಾಗಬಾರದು ಎಂದೇ ಅದನ್ನು ಹಾಕುವುದು. ಕಾಲೂರಿ ನಡೆಯುವ ನಾಯಿ ಇಡೀ ದಿನ ಎಳೆಯುತ್ತಲೇ ಇರುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ. ಕೆಲಸ ಗಟ್ಟಿಯಾಗಿದೆ ಎಂದು ಸಮಾಧಾನಪಟ್ಟರು.

ಆ ಸಂಜೆ ಫೋನ್ ಬರುವ ಮೊದಲೇ ಬೆಂಡಿನ ಮಾಲೆ ತೆಗೆದು, ನಾಯಿಯ ಮುಖದ ಹತ್ತಿರಕ್ಕೆ ಫೋನ್ ಹಿಡಿದರು. ಮೂಗು ಮಾತ್ರ ಕಾಣುತ್ತದೆ ಎಂದು ಬೇಬಿ ಅಕ್ಕ ಹೇಳಿದಾಗ, ಫೋನಿಗೆ ವಯಸ್ಸಾಗಿದೆ ಎಂದರು.

ಮರುದಿನ ಬೆಳಿಗ್ಗೆ ನಾಯಿ ಬಂಗುಡೆಯ ತಲೆಯನ್ನು ಮೂಸಿ ಬಿಟ್ಟಿತು. ಬಂಗುಡೆ ಬೇಡ ಎನ್ನುವ ನಾಯಿ ನಮ್ಮ ಕೇರಿಯಲ್ಲಿ ಹುಟ್ಟಿಯೇ ಇಲ್ಲ. ಪಾಂಡಣ್ಣ ಕೂತಲ್ಲಿಂದ ಎದ್ದು ನೋಡಿದರೆ, ಬಟ್ಟೆಯ ಕೆಳಗೆ ಬೆರಳುಗಳು ಊದಿಕೊಂಡು ಒಂದಕ್ಕೊಂದು ಒತ್ತಿಕೊಂಡಿದ್ದವು. ನೂಲು ಬಟ್ಟೆಯೊಳಗೆ ಹುಗಿದುಹೋಗಿತ್ತು. ಬಿಚ್ಚಲು ನೋಡಿದರು. ತಮ್ಮ ಗಂಟು ತಮಗೇ ಬಿಚ್ಚಲಾಗಲಿಲ್ಲ. ಅದನ್ನು ನಾನೂ ನೋಡಿದೆ, ಹರಿಣಾಕ್ಷಿಯೂ ನೋಡಿದಳು. ಅವಳು ತಮಾಷೆ ಮಾಡಲಿಲ್ಲ. ಒಳಗಿನಿಂದ ಕತ್ತರಿ ತಂದು, ನಾಯಿಯ ತಲೆ ಹಿಡಿದುಕೊಂಡಳು. ಪಾಂಡಣ್ಣ ನೂಲಿನ ಕೆಳಗೆ ಕತ್ತರಿಯ ತುದಿ ತೂರಿಸಿ, ಉಸಿರು ಹಿಡಿದು, ತಾವೇ ಹಾಕಿದ ಗಂಟನ್ನು ಕತ್ತರಿಸಿದರು.

ಆಟೋದಲ್ಲಿ ಬ್ರಹ್ಮಾವರಕ್ಕೆ ಹೋಗುವಾಗ ನಾಯಿ ಅವರ ಮಡಿಲಲ್ಲಿತ್ತು, ಹರಿಣಾಕ್ಷಿ ಬದಿಯಲ್ಲಿದ್ದಳು. ದನದ ಡಾಕ್ಟರ್ ಕಾಲನ್ನು ಒತ್ತಿ, ಬೆರಳುಗಳ ನಡುವೆ ಬಿಡಿಸಿ ನೋಡಿದರು. ಗಾಯ ಸಣ್ಣದು, ಹೊಲಿಗೆ ಬೇಡ, ತೊಂದರೆ ಮಾಡಿದ್ದು ಕಟ್ಟು ಎಂದರು. ಹೀಗೆ ಬಿಗಿದು ಕಟ್ಟಿದ್ದು ಯಾರು ಎಂದೂ ಕೇಳಿದರು.

"ನಮ್ ಕೇರಿಯಗೆ ಒಬ್ರ್ ಇದ್ರ್" ಎಂದರು ಪಾಂಡಣ್ಣ.

ಹರಿಣಾಕ್ಷಿ ಕಿಟಕಿಯ ಕಡೆ ತಿರುಗಿ ನಿಂತಳಂತೆ.

ಡಾಕ್ಟರ್ ಹೇಳಿಕೊಟ್ಟದ್ದು ಹೆಚ್ಚೇನಿಲ್ಲ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಕಾಲು ತೊಳೆಯಬೇಕು. ಬೆರಳುಗಳ ನಡುವೆಯೂ ನೀರು ಉಳಿಯದಂತೆ ಒರೆಸಬೇಕು. ಅವರು ಕೊಟ್ಟ ಮುಲಾಮು ಹಚ್ಚಿ, ಮೆತ್ತಗಿನ ಬಟ್ಟೆ ಸುತ್ತಿ, ಕಟ್ಟಿನ ಕೆಳಗೆ ನಮ್ಮ ಬೆರಳು ಆರಾಮವಾಗಿ ಹೋಗುತ್ತದೆಯೇ ನೋಡಬೇಕು. ಒದ್ದೆಯಾದರೆ ಬದಲಿಸಬೇಕು, ಇಲ್ಲದಿದ್ದರೂ ದಿನಾ ಬಿಚ್ಚಿ ನೋಡಬೇಕು. ವಾಸನೆ ಬಂದರೆ, ಕೀವಾದರೆ, ಊತ ಇಳಿಯದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳದೆ ಕರೆತರಬೇಕು. ಕುತ್ತಿಗೆಗೆ ಮತ್ತೆ ಹಾಕಿದ್ದ ಬೆಂಡಿನ ಮಾಲೆಯನ್ನು ಮಾತ್ರ ಡಾಕ್ಟರ್ ತಿರುಗಿಸಿ ತಿರುಗಿಸಿ ನೋಡಿ, ಇದು ಇರಲಿ ಎಂದರು. ಈ ಒಂದು ಮಾತನ್ನು ಪಾಂಡಣ್ಣ ಇವತ್ತಿಗೂ ಕೇರಿಯಲ್ಲಿ ಹೇಳುತ್ತಾ ಇರುತ್ತಾರೆ.

ತೊಳೆಯುವುದು, ಒರೆಸುವುದು ಸುಲಭವಾಯಿತು. ಸಡಿಲವಾಗಿ ಕಟ್ಟುವುದು ಮಾತ್ರ ಬರಲಿಲ್ಲ. ಬಟ್ಟೆಯ ತುದಿ ಹಿಡಿದರೆ ಸಾಕು, ಕೈ ತಾನಾಗಿ ಹಳೆಯ ಗಂಟಿಗೇ ಹೋಗುತ್ತಿತ್ತು. ಚಪ್ಪರದಲ್ಲಿ ಕುಳಿತು ತಮ್ಮದೇ ಮಣಿಕಟ್ಟಿಗೆ ಬಟ್ಟೆ ಸುತ್ತಿ, ಒಂದು ಕೈಯಿಂದ ಕಟ್ಟಿ, ಹಲ್ಲಿನಿಂದ ಎಳೆದು ಬಿಚ್ಚಿ ಅಭ್ಯಾಸ ಮಾಡಿದರು. ಸುಧೀರ್ ಅದನ್ನೂ ನೋಡಿ, ಪಾಂಡಣ್ಣನಿಗೆ ಚಿಪ್ಪು ತಾಗಿದ್ದು ಯಾವಾಗ ಎಂದು ವಿಚಾರಿಸಿದ. ಸಂಜೆಯ ಹೊತ್ತಿಗೆ ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಬಂತು. ಪಾಂಡಣ್ಣನ ಕೈಯಿಂದ ಅಂಥದೊಂದು ಗಂಟು ಬಂದದ್ದು ನಮಗೆಲ್ಲ ಹೊಸತು.

ಅಂಗಳದ ಮಣ್ಣು ಗಾಯಕ್ಕೆ ಆಗುವುದಿಲ್ಲವೆಂದು ನಾಯಿ ಹೊಸಿಲು ದಾಟಿತು. ಒಳಗೆ ನೆಲ ತಣ್ಣಗೆಂದು ಚಾಪೆ ಸಿಕ್ಕಿತು. ದಿನಾ ಸಂಜೆ ಚಾ ಕುಡಿದ ಮೇಲೆ ಪಾಂಡಣ್ಣ ಕಟ್ಟು ಬಿಚ್ಚಿ, ತೊಳೆದು, ಹೊಸ ಬಟ್ಟೆ ಕಟ್ಟುತ್ತಿದ್ದರು. ಸುಮ್ಮನಿದ್ದರೆ ಅದಕ್ಕೊಂದು ರಸ್ಕು. ಊತ ಇಳಿದು ನಾಯಿ ಕಾಲೂರಲು ಶುರು ಮಾಡಿದ ದಿನ ಬೇಬಿ ಅಕ್ಕನ ಫೋನ್ ಬಂತು. ದಿನಾ ಮೂಗು ಮಾತ್ರ ಕಂಡದ್ದು ಸಾಕು, ನಾಯಿಯನ್ನು ಪೂರ್ತಿ ತೋರಿಸಿ ಎಂದರು.

"ತಾಂಡೇಲ ಈಗಷ್ಟೇ ಮನಿಕಂಡ. ಗಲಾಟಿ ಮಾಡ್ಬೇಡ" ಎಂದರು ಪಾಂಡಣ್ಣ.

ಎಂದೂ ಇಲ್ಲದಂತೆ ಬೇಬಿ ಅಕ್ಕ ಪಟ್ಟು ಹಿಡಿಯದೆ, ಆಯಿತು, ಮಲಗಲಿ ಎಂದು ಇಟ್ಟುಬಿಟ್ಟರು. ತಾವು ಏನು ಹೇಳಿದೆವೆಂದು ಪಾಂಡಣ್ಣನಿಗೆ ಗೊತ್ತೇ ಆಗಲಿಲ್ಲ.

ಬೇಬಿ ಅಕ್ಕ ವಾಪಸ್ ಬರುವ ಹೊತ್ತಿಗೆ ಗಾಯದ ಜಾಗದಲ್ಲಿ ತೆಳುವಾದ ಗುಲಾಬಿ ಗೆರೆಯೊಂದು ಉಳಿದಿತ್ತು. ಪಾಂಡಣ್ಣ ಬೆಂಡುಗಳನ್ನು ಬಲೆಗೆ ಸೇರಿಸಿದರು, ಚಾಪೆ ಸುತ್ತಿಟ್ಟರು, ನಾಯಿಯನ್ನು ಅಂಗಳಕ್ಕೆ ಕಳಿಸಿ ಏನೂ ನಡೆದೇ ಇಲ್ಲದ ಹಾಗೆ ಕುಳಿತರು. ನಾಯಿ ಬೇಬಿ ಅಕ್ಕನ ಮೈಮೇಲೆ ಹಾರಿ, ಚೀಲ ಮೂಸಿ, ಅಂಗಳಕ್ಕೆಲ್ಲ ಎರಡು ಸುತ್ತು ಓಡಿತು. ಎಲ್ಲ ಸರಿಯಾಗಿಯೇ ಇತ್ತು.

ಚಾ ಆಯಿತು. ನಾಯಿ ಹೊಸಿಲು ದಾಟಿ ಒಳಗೆ ಬಂದು, ಪಾಂಡಣ್ಣನ ಎದುರು ಕುಳಿತು, ಬಲಗಾಲನ್ನು ಎತ್ತಿ ಅವರ ತೊಡೆಯ ಮೇಲಿಟ್ಟಿತು. ಪಾಂಡಣ್ಣ ಅದನ್ನು ಮೆಲ್ಲಗೆ ಕೆಳಗಿಟ್ಟರು. ಅದು ಮತ್ತೆ ಇಟ್ಟಿತು.

"ಕಟ್ಟಿ ಕೊಡಿ, ಪಾಪ" ಎಂದರು ಬೇಬಿ ಅಕ್ಕ. "ನೀವ್ ಅದ್ರ ಹೆಸ್ರ್ ಹೇಳ್ದಾಗ್ಳೇ ನಂಗ್ ಗೊತ್ತಾಯ್ತ್, ಎಂತೋ ಆಯ್ತ್ ಅಂದೇಳಿ. ಹರಿಣಾಕ್ಷಿಗೆ ಫೋನ್ ಮಾಡಿ ಕೇಂಡೆ."

ಪಾಂಡಣ್ಣ ನಾಯಿಯ ಕಾಲನ್ನು ತೊಡೆಯ ಮೇಲೆಯೇ ಹಿಡಿದುಕೊಂಡರು.

"ಕೂದ್ಲ್ ಕೊಂಕ್ಲಿಲ್ಲೆ. ನಾ ಹೇಳ್ದ್ ಕೂದ್ಲಿನ್ ಸುದ್ದಿ. ಇದ್ ಕಾಲ್."

ಪಾಂಡಣ್ಣ ಗೋಡೆಯ ಗೂಡಿನಿಂದ ಬಟ್ಟೆ ತೆಗೆದು ಗುಣವಾದ ಕಾಲಿಗೆ ಸುತ್ತಿ ಗಂಟು ಹಾಕುವುದನ್ನು ಬೇಬಿ ಅಕ್ಕ ನೋಡಿದರು. ಹತ್ತಿರ ಬಂದು ಕಟ್ಟಿನ ಕೆಳಗೆ ಬೆರಳು ತೂರಿಸಿದರು. ಬೆರಳು ಆರಾಮವಾಗಿ ಹೋಯಿತು. ಆಮೇಲೆ ಮಾತಾಡಿದ್ದು ಗಂಡನ ಹತ್ತಿರವಲ್ಲ, ನಾಯಿಯ ಹತ್ತಿರ.

"ಸೌಜನ್ಯನ ಪುಟ್ಟಂಗೆ ಹೆಸ್ರಿಡುಕೆ ನಾ ಮತ್ತ್ ಮುಂಬೈಗೆ ಹೋಯ್ಕ್. ಹರಿಣಾಕ್ಷಿ ಮನಿಗೆ ಹೋಪ್ದ್ ಎಂತಕೂ ಬ್ಯಾಡ. ಇಲ್ಲೇ ಇರ್, ಇವ್ರನ್ನ್ ನೋಡ್ಕಣ್."

ಪಾಂಡಣ್ಣ ಡಬ್ಬಿಯಿಂದ ರಸ್ಕು ತೆಗೆದು ಎರಡು ತುಂಡು ಮಾಡಿ, ದೊಡ್ಡದನ್ನು ತಾಂಡೇಲನಿಗೆ ಕೊಟ್ಟರು. ಸಣ್ಣದನ್ನು ತಾವು ತಿಂದರು.