ಸಂತೋಷಮ್ಮ ನನಗಾಗಿ ಬೇಡಿದ್ದು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದ್ದೂರಿನ ಸಣ್ಣದೊಂದು ಕ್ರೈಸ್ತ ಸಭೆಗೆ ಪಾಲಕನಾಗಿದ್ದರೂ ನನಗೆ ಅದ್ಭುತಗಳಲ್ಲಿ ನಂಬಿಕೆಯಿರಲಿಲ್ಲ. ಕುಂಟ ನಡೆದ, ಮೂಕ ಮಾತಾಡಿದ ಎಂದು ಯಾರಾದರೂ ಸಾಕ್ಷಿ ಹೇಳಿದರೆ ತಲೆಯಾಡಿಸಿ, ಮನಸ್ಸಿನಲ್ಲೇ ಅರ್ಧ ಕಳೆದುಬಿಡುತ್ತಿದ್ದೆ. ಹಾಗಾಗಿ ನೀವು ಇದನ್ನು ನಂಬದಿದ್ದರೂ ನನಗೆ ಬೇಸರವಿಲ್ಲ.

ಆರೇಳು ವರ್ಷದ ಹಿಂದಿನ ಸಂಗತಿ. ನನ್ನ ಹೆಂಡತಿ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡು ಐದು ತಿಂಗಳಾಗಿತ್ತು. ಅವಳು ಉಳಿಯಲೆಂದು ಮೂರು ವಾರ ಮೊಣಕಾಲೂರಿದ್ದವನಿಗೆ ಆಮೇಲೆ ಪ್ರಾರ್ಥನೆಯೇ ಬರದಾಯಿತು. ಭಾನುವಾರದ ಪ್ರಾರ್ಥನೆಯನ್ನು ಶನಿವಾರವೇ ಬರೆದಿಟ್ಟುಕೊಂಡು ಓದಿಬಿಡುತ್ತಿದ್ದೆ. ಸಭೆಯವರಿಗೆ ಗೊತ್ತಾಗಲಿಲ್ಲ. ಈಚೆಗೆ ಬಹಳ ಚೆನ್ನಾಗಿ ಪ್ರಾರ್ಥಿಸುತ್ತೀರಿ ಎಂದವರೂ ಇದ್ದರು. ಆ ಮಾತು ಕೇಳಿದ ದಿನವೇ ಈ ಸೇವೆ ಬಿಟ್ಟುಬಿಡಬೇಕೆಂದು ತೀರ್ಮಾನಿಸಿದೆ.

ಬಿಡುವ ಮುಂಚೆ ಒಂದು ಮನೆಗೆ ಹೋಗುವುದು ಬಾಕಿಯಿತ್ತು. ಚಿಕ್ಕರಸಿನಕೆರೆಯ ಸಂತೋಷಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಎಂಟು ತಿಂಗಳಿಂದ ಮಾತೂ ಇರಲಿಲ್ಲ. ಮಗಳು ರೂತಮ್ಮ ಹೊಲಿಗೆ ಮಿಷನ್ನನ್ನು ತಾಯಿಯ ಮಂಚದ ಪಕ್ಕಕ್ಕೇ ಎಳೆದುಕೊಂಡು ನೋಡಿಕೊಳ್ಳುತ್ತಿದ್ದಳು. "ಅವ್ವಂಗೆ ಒಂದ್ಸಲ ಪ್ರಾರ್ಥ್ನೆ ಮಾಡ್ಬುಟ್ಟು ಓಗಿ ಪಾಸ್ಟ್ರೇ" ಎಂದು ಮೂರು ಸಲ ಫೋನು ಮಾಡಿದ್ದಳು.

ಮಧ್ಯಾಹ್ನದ ಬಸ್ಸಿಗೆ ಹೋದೆ. ರೂತಮ್ಮ ಕಾಫಿ ಕಾಯಿಸಲು ಒಳಗೆ ಹೋದಳು. ನಾನು ಸಂತೋಷಮ್ಮನ ಹಣೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ "ಕರ್ತನೇ" ಎಂದೆ. ಮುಂದಕ್ಕೆ ಒಂದು ಪದವೂ ಹೊರಡಲಿಲ್ಲ. ಮತ್ತೆ "ಕರ್ತನೇ" ಎಂದೆ. ಮಂಚದ ಪಟ್ಟಿಗೆ ತಲೆಯೊತ್ತಿ ಅತ್ತುಬಿಟ್ಟೆ.

ಆಗ ನನ್ನ ತಲೆಯ ಮೇಲೆ ಒಂದು ಕೈ ಬಂದು ಕೂತಿತು.

"ಅಳು ಮಗ, ನಾಚ್ಕೋಬ್ಯಾಡ" ಎಂದಿತು ಒರಟು ದನಿ. "ನೀನ್ ಸುಮ್ಕಿರು, ನಾನ್ ಕೇಳ್ಕತೀನಿ. ಸ್ವಾಮಿ, ಈ ಮಗಂಗೆ ಬಾಯಿ ಕಟ್ಟೋಗದೆ. ಅವನ್ನ ಬೈಬ್ಯಾಡ. ಕೈ ಬುಡಬ್ಯಾಡ."

ತಲೆಯೆತ್ತಲು ಧೈರ್ಯವಾಗಲಿಲ್ಲ. ಐದು ತಿಂಗಳಿಂದ ಎದೆಯಲ್ಲಿ ಬಿಗಿದುಕೊಂಡಿದ್ದದ್ದು ಸಡಿಲವಾಯಿತು, ಅಷ್ಟು ಗೊತ್ತು.

ರೂತಮ್ಮ ಲೋಟ ಹಿಡಿದು ಬಂದಳು. "ಯಾರ್ ಬಂದಿದ್ರು ಪಾಸ್ಟ್ರೇ? ಯಾರೋ ಎಂಗಸ್ರು ಮಾತಾಡ್ದಂಗಾಯ್ತು."

ನಾನು ಮಂಚದ ಕಡೆ ಕೈ ತೋರಿಸಿದೆ. ಅವಳು ಲೋಟವನ್ನು ನೆಲದ ಮೇಲಿಟ್ಟು ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅವ್ವಾ, ನನ್ ಕುಟ್ಟೆನೂ ಮಾತಾಡವ್ವ. ರೂತು ಅಂತ ಒಂದ್ಸಲ ಕರಿಯವ್ವ." ಸಂತೋಷಮ್ಮನ ತುಟಿ ಅಲುಗಿತು. ಎಂದಿನ "ಆ... ಆ..." ಬಿಟ್ಟು ಬೇರೇನೂ ಬರಲಿಲ್ಲ. ಎರಡು ತಿಂಗಳ ಮೇಲೆ ಹಾಗೆಯೇ ಹೋಗಿಬಿಟ್ಟರು.

ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಬಾಯಿಪಾಠವಾದ ಹಾಡು, ಪ್ರಾರ್ಥನೆ ಅಂಥವರ ಬಾಯಲ್ಲಿ ಕೆಲವೊಮ್ಮೆ ತಾನಾಗಿ ಬರುವುದುಂಟು ಎಂದರು. ಇರಬಹುದು. ಆದರೆ ಅವತ್ತಿನ ಪ್ರಾರ್ಥನೆಯನ್ನು ಸಂತೋಷಮ್ಮ ಎಲ್ಲಿ ಬಾಯಿಪಾಠ ಮಾಡಿದ್ದರು?

ನಾನು ಸೇವೆ ಬಿಡಲಿಲ್ಲ. ಬರೆದು ಓದುವುದನ್ನು ಬಿಟ್ಟೆ. ಈಗ ತಡವರಿಸುತ್ತೇನೆ, ನಡುವೆ ನಿಂತುಹೋಗುತ್ತೇನೆ, ಸಭೆಯವರು ಕಾಯುತ್ತಾರೆ.

ಸಂತೋಷಮ್ಮನನ್ನು ಮಣ್ಣು ಮಾಡಿ ಹಿಂದಿರುಗುವಾಗ ರೂತಮ್ಮ ನನ್ನ ಪಕ್ಕದಲ್ಲೇ ನಡೆಯುತ್ತಿದ್ದಳು. ದಾರಿಯಲ್ಲಿ ಕೇಳಿದಳು: "ಆ ಮಾತು ನಿಮಗ್ ಬೇಕಾಗಿತ್ತು, ಒಪ್ಕತೀನಿ ಪಾಸ್ಟ್ರೇ. ನಂಗ್ ಬೇಕಿರ್ನಿಲ್ವಾ?"

"ಗೊತ್ತಿಲ್ಲ ಕಣಮ್ಮ" ಎಂದೆ. ಇವತ್ತು ಕೇಳಿದರೂ ಅಷ್ಟೇ ಹೇಳಬಲ್ಲೆ.