ನನ್ನ ರಿಟರ್ನ್ ನಾನೇ ತುಂಬಿದ ವರ್ಷ

ಹೊನ್ನಾವರದ ನಮ್ಮ ಹೈಸ್ಕೂಲಿಗೆ ಪ್ರತಿ ಜುಲೈಯಲ್ಲಿ ಒಂದು ದಿನ ಕುಮಟೆಯಿಂದ ತೆರಿಗೆ ರಿಟರ್ನ್ ಬರೆಯುವ ಹಿರಿಯರೊಬ್ಬರು ಬರುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಇಳಿದು, ಸ್ಟಾಫ್ ರೂಮಿನ ಮೂಲೆಯ ಮೇಜಿನ ಮೇಲೆ ರೆಕ್ಸಿನ್ ಚೀಲ ಬಿಚ್ಚಿ, ಖಾಲಿ ಫಾರಂಗಳನ್ನು ಹರಡಿ ಕೂರುತ್ತಿದ್ದರು. ನಾವು ಹನ್ನೊಂದು ಜನ ಸಾಲಾಗಿ ಹೋಗಿ, ಸಂಬಳದಲ್ಲಿ ತೆರಿಗೆ ಹಿಡಿದದ್ದಕ್ಕೆ ಕೊಟ್ಟ ಫಾರಂ ಹದಿನಾರನ್ನು ಒಪ್ಪಿಸಿ, ಅವರು ಪೆನ್ಸಿಲಿನಲ್ಲಿ ಗುರುತು ಮಾಡಿದಲ್ಲೆಲ್ಲ ಸಹಿ ಹಾಕಿ ಬರುತ್ತಿದ್ದೆವು.

"ಸಹಿ ಒಂದು ಮಾಡಿ ಅಕ್ಕೋರೆ, ಉಳಿದದ್ದು ನಂಗೆ ಬಿಡಿ," ಎನ್ನುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಗಂಡಸರು ಮಾಸ್ತರು, ಹೆಂಗಸರು ಅಕ್ಕೋರು.

ನಾನು ಲೆಕ್ಕದ ಅಕ್ಕೋರು. ಹಂತ ಬಿಟ್ಟು ನೇರವಾಗಿ ಉತ್ತರ ಬರೆದ ಮಕ್ಕಳಿಗೆ ಮುಲಾಜಿಲ್ಲದೆ ಅಂಕ ಕಡಿಯುವವಳು. ಅಂಥವಳು ಹದಿನಾಲ್ಕು ವರ್ಷ ಖಾಲಿ ಕಾಗದಕ್ಕೆ ಸಹಿ ಹಾಕಿದೆ. ಈಗಲೂ ನೆನೆಸಿಕೊಂಡರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಆ ಹಿರಿಯರು ಪ್ರಾಮಾಣಿಕರು, ಅವರದ್ದೇನೂ ತಪ್ಪಿರಲಿಲ್ಲ.

ಎರಡು ಸಾವಿರದ ಒಂಬತ್ತರ ಮಳೆಗಾಲದ ಹೊತ್ತಿಗೆ ಅವರ ಕಣ್ಣಿನ ಆಪರೇಶನ್ ಆಯಿತು. ಇನ್ನು ಬರುವುದಿಲ್ಲ, ಈಗ ಎಲ್ಲ ಕಂಪ್ಯೂಟರಿನಲ್ಲಿ ಮಾಡಬೇಕಂತೆ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಶಾಲೆಗೆ ಫೋನ್ ಮಾಡಿ ಹೇಳಿದರು. ಉಳಿದ ಹತ್ತು ಜನ ಪೇಟೆಯಲ್ಲಿ ಹೊಸದಾಗಿ ತೆರೆದ ಆಫೀಸೊಂದನ್ನು ಹಿಡಿದರು. ನನ್ನದನ್ನು ನಾನೇ ತುಂಬುತ್ತೇನೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಘೋಷಿಸಿಬಿಟ್ಟೆ.

"ಅಕ್ಕೋರೆ, ಸೊನ್ನೆ ಒಂದು ಹೆಚ್ಚು ಬಿದ್ರೆ ನೋಟೀಸು ಶಾಲೆಗೇ ಬತ್ತದೆ," ಎಂದರು ಡ್ರಿಲ್ ಮಾಸ್ತರು.

"ಬರಲಿ. ನಿಮ್ಮ ಕೈಲೇ ಓದಿಸ್ತೆ," ಎಂದೆ.

ಬಾಯಿ ಜೋರಿದ್ದರೂ ಒಳಗೆ ಪುಕುಪುಕು ಇರಲಿಲ್ಲವೆಂದಲ್ಲ. ಆ ವರ್ಷದ ರಿಟರ್ನಿನ ಹಿಂದೆ ಒಂದು ಮನೆ ನಿಂತಿತ್ತು. ಹಳದೀಪುರದಲ್ಲಿ ನಾಲ್ಕು ತೆಂಗಿನಮರ, ಒಂದು ಬಾವಿ ಇದ್ದ ಹೆಂಚಿನ ಮನೆ ಮಾರಾಟಕ್ಕೆ ಬಂದಿತ್ತು. ನನ್ನ ಆಯಿ, ಅಂದರೆ ಅಮ್ಮ, ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಬದುಕಿದವಳು. ಅಪ್ಪ ತೀರಿಕೊಂಡ ಮೇಲೆ ನನ್ನ ಜೊತೆ ಬಂದಳು, ನಾನಿದ್ದದ್ದೂ ಬಾಡಿಗೆ ಮನೆಯೇ. ತುಳಸಿಯನ್ನು ಡಾಲ್ಡಾ ಡಬ್ಬಿಯಲ್ಲಿ ನೆಟ್ಟು, ಮನೆ ಬದಲಿಸಿದಾಗಲೆಲ್ಲ ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಬರುತ್ತಿದ್ದಳು. ಬ್ಯಾಂಕಿನವರು ಸಾಲಕ್ಕೆ ಮೂರು ವರ್ಷದ ರಿಟರ್ನ್ ಕೇಳಿದರು. ಎರಡು ಕೈಯಲ್ಲಿದ್ದವು, ಮೂರನೆಯದು ಆಗಬೇಕಿತ್ತು. ಮನೆಯ ಯಜಮಾನರು ದೀಪಾವಳಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು.

ಶನಿವಾರ ಶಾಲೆ ಅರ್ಧ ದಿನ. ಊಟ ಮುಗಿಸಿ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಗೆ ಹೋದೆ. ಅದನ್ನು ನಡೆಸುತ್ತಿದ್ದವರು ಭಟ್ಕಳದವರು, ದುಬೈಯಲ್ಲಿ ಹನ್ನೆರಡು ವರ್ಷ ಇದ್ದು ಬಂದ ಸಾಹೇಬರು. ಅಲ್ಲಿಗೆ ಬರುವವರು ಹೆಚ್ಚಾಗಿ ಕೊಲ್ಲಿಯಲ್ಲಿದ್ದ ಗಂಡಂದಿರ ಜೊತೆ, ಮಕ್ಕಳ ಜೊತೆ ಮಾತಾಡುವವರು. ಪಕ್ಕದ ಹಲಗೆ ಗೂಡಿನಲ್ಲಿ ಯಾರೋ ಕೊಂಕಣಿಯಲ್ಲಿ ಬಂಗಡೆ ಮೀನಿನ ರೇಟು ವರದಿ ಮಾಡುತ್ತಿದ್ದರೆ, ನಾನು ಈ ಕಡೆ ತೆರಿಗೆ ಹುಡುಕುತ್ತ ಕೂತೆ.

"ನಾನಿದ್ದ ಊರಲ್ಲಿ ಈ ಟ್ಯಾಕ್ಸೇ ಇಲ್ಲ ಟೀಚರ್," ಎಂದು ಸಾಹೇಬರು ನಕ್ಕರು.

"ಮತ್ತೆ ಬಂದದ್ದು ಎಂತಕ್ಕೆ?"

"ಇಲ್ಲಿಯ ಮೀನು ಅಲ್ಲಿ ಸಿಗೂದಿಲ್ಲ."

ಹುಡುಕುವ ಪೆಟ್ಟಿಗೆಯಲ್ಲಿ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಪ್ರಶ್ನೆ ಬರೆದೆ. ಸಾವಿರಾರು ಪುಟ ಬಂದವು. ಮೊದಲು ತಲೆ ತಿರುಗಿತು. ಆಮೇಲೆ, ಇದೂ ಉತ್ತರಪತ್ರಿಕೆಯ ಕಟ್ಟೇ ಅಲ್ಲವೇ ಅನ್ನಿಸಿತು. ಕಟ್ಟು ನೋಡಿ ಹೆದರುವ ಜಾತಿ ನನ್ನದಲ್ಲ. ಕೆಂಪು ಪೆನ್ನು ತೆಗೆದು ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡೆ. ಒಂದು ಪುಟ ಬಹಳ ಚೆಂದವಾಗಿತ್ತು, ಆದರೆ ದರ ಎರಡು ವರ್ಷ ಹಿಂದಿನದು. ಸೊನ್ನೆ. ಇನ್ನೊಂದು ಅರ್ಧ ಹೇಳಿ, ಉಳಿದರ್ಧಕ್ಕೆ ದುಡ್ಡು ಕಟ್ಟಿ ಎಂದಿತು. ಅದಕ್ಕೂ ಸೊನ್ನೆ. ಪ್ರಶ್ನೋತ್ತರದ ಜಾಗವೊಂದರಲ್ಲಿ ಒಬ್ಬ ಮಹಾನುಭಾವ ಎಲ್ಲರಿಗೂ ಉತ್ತರ ಕೊಡುತ್ತಿದ್ದ, ಯಾವುದಕ್ಕೂ ಕಾರಣ ಹೇಳುತ್ತಿರಲಿಲ್ಲ. ತರಗತಿಯಲ್ಲಿ ಪಕ್ಕದವನದ್ದು ನೋಡಿ ಬರೆಯುವವರ ಲಕ್ಷಣ ಅದು. ಕೊನೆಗೆ ಸಿಕ್ಕಿದ್ದು ಯಾರೋ ನಿವೃತ್ತ ಗುಮಾಸ್ತರು ಬರೆದ ಸಾದಾ ಪುಟ. ಚಿತ್ರವಿಲ್ಲ, ಬಣ್ಣವಿಲ್ಲ. ಸಂಬಳದವರ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ, ಪ್ರತಿ ಹಂತಕ್ಕೂ ಸರಕಾರಿ ಸೈಟಿನ ಯಾವ ಕಡತ ನೋಡಬೇಕು ಎಂದು ತೋರಿಸಿದ್ದರು. ನೂರಕ್ಕೆ ನೂರು ಕೊಟ್ಟೆ.

ಆ ಪುಟ ಓದುವಾಗ ಬಾಡಿಗೆಯ ವಿಷಯ ಬಂತು. ಬಾಡಿಗೆ ಮನೆಯಲ್ಲಿದ್ದವರಿಗೆ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಉಂಟು. ಮನೆಗೆ ಹೋಗಿ ಹಳೆಯ ಫಾರಂಗಳ ಪ್ರತಿ ತೆಗೆದು ನೋಡಿದೆ. ಹದಿನಾಲ್ಕು ವರ್ಷದ ಬಾಡಿಗೆ ಎಲ್ಲೂ ಇರಲಿಲ್ಲ. ಕುಮಟೆಯ ಹಿರಿಯರಿಗೆ ನಾನು ಹೇಳಿರಲೂ ಇಲ್ಲ, ಅವರು ಬರೆದದ್ದನ್ನು ಓದಿರಲೂ ಇಲ್ಲ. ಆ ರಾತ್ರಿ ಅನ್ನ ರುಚಿಸಲಿಲ್ಲ.

ಮೂರು ಶನಿವಾರ ಹಿಡಿಯಿತು. ಸರಕಾರಿ ಸೈಟಿನಿಂದ ಫಾರಂ ಇಳಿಸಿದೆ, ತುಂಬಿದೆ, ಕರೆಂಟು ಹೋಯಿತು, ಮತ್ತೆ ತುಂಬಿದೆ. ಮೂರನೆಯ ಶನಿವಾರ ರಿಟರ್ನ್ ಸೈಟಿಗೆ ಏರಿ ಕೂತಿತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ, ಬಂಗಡೆಯ ಮಾತು ಅರ್ಧಕ್ಕೆ ನಿಂತಿತು.

ಕೆಲಸ ಇನ್ನೂ ಒಂದಿತ್ತು. ಒಂದು ಹಾಳೆಯ ಸ್ವೀಕೃತಿ ಪತ್ರ ಪ್ರಿಂಟ್ ತೆಗೆದು, ಸಹಿ ಹಾಕಿ, ಬೆಂಗಳೂರಿಗೆ ಸಾದಾ ಅಂಚೆಯಲ್ಲಿ ಕಳಿಸಬೇಕು. ರಿಜಿಸ್ಟರ್ ಮಾಡಬಾರದು, ಕೊರಿಯರ್ ಬೇಡ ಎಂದು ಸ್ಪಷ್ಟವಾಗಿ ಬರೆದಿತ್ತು. ಅದು ತಲುಪದಿದ್ದರೆ ರಿಟರ್ನ್ ಕೊಟ್ಟ ಲೆಕ್ಕಕ್ಕೇ ಇಲ್ಲ.

ಆಯಿಗೆ ಇದು ಹಿಡಿಸಲಿಲ್ಲ. "ಮನೆಯ ಕಾಗದ ಇದು. ಸಾದಾ ಸ್ಟಾಂಪ್ ಹಚ್ಚಿ ಡಬ್ಬಿಗೆ ಹಾಕೂದಾ? ಕಳೆದುಹೋದ್ರೆ ಯಾರ್ನ ಕೇಳೂದು?"

"ಹಾಗೇ ನಿಯಮ ಆಯಿ. ಎಲ್ಲ ಓದಿದ್ದೆ."

"ಓದಿದ್ರೆ ಆತು," ಎಂದಳು. ಲಕೋಟೆಯನ್ನು ಅವಳ ಕೈಗೆ ಕೊಟ್ಟು, ಅಂಟಿಸಿಡು ಎಂದು ಸ್ನಾನಕ್ಕೆ ಹೋದೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ಅಂಚೆಡಬ್ಬಿಗೆ ಹಾಕಿದೆ.

ತಿಂಗಳು ಕಳೆಯಿತು. ಸೈಟಿನಲ್ಲಿ ನೋಡಿದರೆ ಪತ್ರ ಬಂದಿಲ್ಲ ಎಂದೇ ತೋರಿಸುತ್ತಿತ್ತು. ಗಣೇಶ ಚೌತಿ ಮುಗಿದ ಮೇಲೆ ಒಂದು ಮೇಲ್ ಬಂತು. ಪತ್ರದ ಅಡಿಯ ಬಾರ್‌ಕೋಡ್, ಅಂದರೆ ಯಂತ್ರ ಓದುವ ಆ ಗೀರುಗಳು, ಸ್ಪಷ್ಟವಿಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ, ಮತ್ತೆ ಕಳಿಸಿ ಎಂದಿತ್ತು. ದೀಪಾವಳಿಗೆ ಉಳಿದದ್ದು ಕೆಲವೇ ವಾರ.

ನಾನು ಸೈಬರಿನಲ್ಲಿ ಕೂತಲ್ಲಿಂದಲೇ ಸಾಹೇಬರ ಮೇಲೆ ಹರಿಹಾಯ್ದೆ. ಇಂಕು ಉಳಿಸಲು ಹೋಗಿ ನನ್ನ ಮನೆ ಮುಳುಗಿಸಿದಿರಿ ಎಂದೆ. ಗೂಡುಗಳಿಂದ ತಲೆಗಳು ಹೊರಬಂದವು. ಅವರು ಅದೇ ಪತ್ರವನ್ನು ಅದೇ ಪ್ರಿಂಟರಿನಲ್ಲಿ ಮತ್ತೆ ತೆಗೆದು ನನ್ನ ಮುಂದಿಟ್ಟರು. ಗೀರುಗಳು ಕರ್ರಗೆ, ಒಂದೊಂದೂ ಬಿಡಿಬಿಡಿಯಾಗಿ ಇದ್ದವು. "ಅವತ್ತೂ ಹೀಗೇ ಇತ್ತು ಟೀಚರ್," ಎಂದರು.

ಮನೆಗೆ ಬಂದು ಆಯಿಯ ಮುಂದೆ ಆ ಹಾಳೆ ಹಿಡಿದು, ನೋಡು, ಇದರಲ್ಲಿ ಎಂತ ಕಾಣೂದಿಲ್ಲ ಇವರಿಗೆ ಎಂದು ಕೂಗಾಡಿದೆ. ಆಯಿ ಹಾಳೆಯ ಕೆಳತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಈ ಗೀರು ಬೇಕಾಗಿತ್ತಾ? ನಾನು ಚೆಂದಕ್ಕೆ ಹಾಕಿದ್ದು ಅಂದ್ಕಂಡೆ."

"ಎಂತ ಮಾಡ್ದೆ ಆಯಿ?"

"ನಾಲ್ಕೂ ಮೂಲೆಗೆ ಅರಿಶಿನ ಕಲಸಿ ಹಚ್ಚಿ, ಮೇಲೆ ಕುಂಕುಮ ಇಟ್ಟೆ. ರಿಜಿಸ್ಟರ್ ಮಾಡೂದಿಲ್ಲ ಅಂದೆಯಲ್ಲ. ಯಾರಾದ್ರೂ ಕಾಯೂಕೆ ಬೇಕಲ್ಲ ಅದನ್ನ."

ಮದುವೆಯ ಕರೆಯೋಲೆಗೂ, ಅಂಗಡಿಯ ಹೊಸ ಖಾತೆ ಪುಸ್ತಕಕ್ಕೂ, ನನ್ನ ನೌಕರಿಯ ಆರ್ಡರಿಗೂ ಅವಳು ಮಾಡಿದ್ದು ಅದನ್ನೇ. ಹಸಿ ಅರಿಶಿನದ ಮೇಲೆ ಮಡಚಿದ ಹಾಳೆ ಬೆಂಗಳೂರಿನ ಯಂತ್ರದ ಮುಂದೆ ಹೇಗೆ ಬಿಚ್ಚಿಕೊಂಡಿತೋ! ನಗು ಬಂತು, ಆದರೆ ನಗಲಾಗಲಿಲ್ಲ. ಆಯಿಯ ಕಣ್ಣು ತುಂಬಿತ್ತು. "ನನ್ನ ಕೈಯಿಂದಲೇ ಮನೆ ಹೋತು," ಎಂದಳು. ಅವಳ ಕೈ ಹಿಡಿದುಕೊಂಡು, ಹೋಗಲಿಲ್ಲ, ಇನ್ನೂ ದಿನ ಉಂಟು ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ, ನನಗಿತ್ತು.

ಮರುದಿನ ಮೊದಲು ಸೈಬರ್‌ಗೆ ಹೋಗಿ, ಎಲ್ಲ ಗೂಡುಗಳಿಗೂ ಕೇಳುವಂತೆ, ತಪ್ಪು ನಮ್ಮದೇ ಎಂದೆ. ಮೂರು ಶನಿವಾರದ ತೆರಿಗೆ ಲೆಕ್ಕಕ್ಕಿಂತ ಆ ಒಂದು ವಾಕ್ಯ ಕಷ್ಟವಾಗಿತ್ತು. "ನಂಗಲ್ಲ ಟೀಚರ್, ಪ್ರಿಂಟರ್‌ಗೆ ಹೇಳಿ," ಎಂದರು ಸಾಹೇಬರು. ನಾನು ಪ್ರಿಂಟರಿಗೂ ಹೇಳಿದೆ. ಎರಡು ಪ್ರತಿ ತೆಗೆಸಿದೆ.

ಒಂದಕ್ಕೆ ಸಹಿ ಹಾಕಿ ನಾನೇ ಅಂಟಿಸಿದೆ. ಇನ್ನೊಂದನ್ನು ಆಯಿಗೆ ಕೊಟ್ಟು, ಇದು ದೇವರಿಗೆ, ಎಷ್ಟು ಬೇಕಾದರೂ ಹಚ್ಚು ಎಂದೆ. ಅವಳು ತಿರುಗಿಸಿ ನೋಡಿದಳು.

"ಇದಕ್ಕೆ ಸಹಿ ಎಲ್ಲಿ?"

"ದೇವರಿಗೆ ಎಂತಕ್ಕೆ ಸಹಿ?"

"ನೀನೇ ಬರೆದದ್ದಲ್ದಾ? ಹಾಗಾದ್ರೆ ಮಾಡು."

ಮಾಡಿದೆ. ಹದಿನೈದು ದಿನಕ್ಕೆ ಪತ್ರ ತಲುಪಿದ ಸಂದೇಶ ಬಂತು. ಅದರ ಪ್ರಿಂಟನ್ನು ಬ್ಯಾಂಕಿನ ಮೇಜಿನ ಮೇಲಿಟ್ಟಾಗ ಇದನ್ನು ಯಾರು ಮಾಡಿಕೊಟ್ಟರು ಎಂದು ಕೇಳಿದರು. ನಾನೇ ಎಂದೆ, ಕೇಳದಿದ್ದರೂ ಹೇಳುವವಳೇ. ಸಾಲ ಮಂಜೂರಾಯಿತು, ದೀಪಾವಳಿಗೆ ನಾಲ್ಕು ದಿನ ಮುಂಚೆ ಡಾಲ್ಡಾ ಡಬ್ಬಿ ಕೊನೆಯ ಸಲ ರಿಕ್ಷಾ ಹತ್ತಿತು.

ಮುಂದಿನ ಜುಲೈಯಲ್ಲಿ ಸ್ಟಾಫ್ ರೂಮಿನ ಮೂಲೆಯ ಮೇಜಿನಲ್ಲಿ ನಾನು ಕೂತಿದ್ದೆ. ಡ್ರಿಲ್ ಮಾಸ್ತರು ಮೊದಲಿಗರಾಗಿ ಬಂದು, ಎಲ್ಲಿ ಸಹಿ ಮಾಡೂದು ಎಂದು ಕೇಳಿದರು. ಮೊದಲು ಓದಿ ಎಂದೆ.

ನನ್ನದನ್ನು ಕಡೆಗೆ ತುಂಬಿದೆ. ಹಿಂದಿನ ವರ್ಷದಂತೆ ಎರಡು ಪ್ರತಿ. ಆಯಿ ಬಟ್ಟಲಿನಲ್ಲಿ ಅರಿಶಿನ ಕಲಸಿಕೊಂಡು, ಕನ್ನಡಕ ಹಾಕಿಕೊಂಡು ದೇವರ ಪ್ರತಿಯ ಮುಂದೆ ಕೂತಳು.

"ನಮ್ಮ ಮನೆ ಎಲ್ಲಿ ಬರೆದಿದ್ದು ಇದರಲ್ಲಿ?"

ಇಂಗ್ಲಿಷಿನಲ್ಲಿದ್ದ ವಿಳಾಸದ ಸಾಲನ್ನು ತೋರಿಸಿ, ಹಳದೀಪುರ ಎಂದು ಓದಿದೆ. ಅವಳು ನಾಲ್ಕೂ ಮೂಲೆಗಳನ್ನು ಹಾಗೇ ಬಿಟ್ಟು, ನೇರವಾಗಿ ಆ ಸಾಲಿನ ಮೇಲೆ ಬೆರಳಿಟ್ಟಳು.